ಆಡೂರಿನ ಗಿರಿಯಪ್ಪ ಕಂಡ ಕಡಲು

ಗಿರಿಯಪ್ಪನ ಮಣ್ಣಿಗೆ ಬಂದವರೆಲ್ಲ ಹಾರುವ ಮೀನಿನ ಮಾತೇ ಆಡಿದರು. ಹದಿನೈದು ವರ್ಷ ನೌಕಾದಳದಲ್ಲಿದ್ದು ಆಡೂರಿಗೆ ಮರಳಿದವನು ವರ್ಷ ತುಂಬುವ ಮೊದಲೇ ತೀರಿಕೊಂಡ. ಆ ಮೀನಿನ ಕಥೆಯನ್ನು ಅಷ್ಟು ಚೆಂದ ಹೇಳುವವರು ಇನ್ನಿಲ್ಲ ಎಂದರು. ಹೆಂಡತಿ ಮಂಜವ್ವ ಕೇಳಿಸಿಕೊಳ್ಳುತ್ತಿದ್ದಳು. ಆ ಮೀನನ್ನು ಅವನು ಕಂಡೇ ಇರಲಿಲ್ಲ.

ಅವನಿದ್ದದ್ದು ಫ್ರಿಗೇಟ್ ಎಂಬ ಯುದ್ಧನೌಕೆಯಲ್ಲಿ. ನೀರೊಳಗಿನ ಸಬ್‌ಮರೀನು, ಎದುರಿನ ಹಡಗು, ಮೇಲಿನ ವಿಮಾನ, ಎಲ್ಲಕ್ಕೂ ಸೈ. ಬೆನ್ನ ಮೇಲೊಂದು ಹೆಲಿಕಾಪ್ಟರು ಬೇರೆ. ಗಿರಿಯಪ್ಪನ ಜಾಗ ಮಾತ್ರ ತಳದ ಬಾಯ್ಲರ್ ಕೋಣೆ. ನೆತ್ತಿಯ ಮೇಲಿನ ಕಬ್ಬಿಣದ ಬಾಗಿಲು ಬಿಗಿದರೆ ಪಾಳಿ ಮುಗಿಯುವತನಕ ಧಗೆ, ಎಣ್ಣೆಯ ವಾಸನೆ. ಬಾಯ್ಲರಿನಲ್ಲಿ ನೀರೆಷ್ಟಿದೆ ಎಂದು ತೋರಿಸುವ ಗಾಜಿನ ನಳಿಗೆಯಿಂದ ಕಣ್ಣು ತೆಗೆಯುವಂತಿರಲಿಲ್ಲ. ಸಮುದ್ರದ ನಡುವೆ ಇದ್ದೂ ಅವನು ದಿನವೂ ನೋಡಿದ ನೀರು ಆ ಗೇಣುದ್ದದ್ದು. ಪಾಳಿ ಮುಗಿದರೆ ನಿದ್ದೆ ಎಳೆಯುತ್ತಿತ್ತು. ಮೀನು ಕಂಡವರು ಹಡಗಿನ ಮೇಲೆ ಬಯಲಿನಲ್ಲಿ ತೋಪು ನೋಡಿಕೊಳ್ಳುವವರು. ಅವರು ಹೇಳಿದ್ದನ್ನು ರಜೆಗೆ ಬಂದಾಗ ಮನೆಯ ಕಟ್ಟೆಯ ಮೇಲೆ ತಾನೇ ಕಂಡಂತೆ ಹೇಳುತ್ತಿದ್ದ. ಅಪ್ಪ ಪರಮೇಶಪ್ಪ ಪಕ್ಕದಲ್ಲಿ ಕುಳಿತು ಮೀಸೆ ತಿರುವುತ್ತಿದ್ದ.

೧೯೮೩ಕ್ಕೆ ಹತ್ತು ವರ್ಷದ ಕರಾರು ಮುಗಿಯುವುದಿತ್ತು. ಇನ್ನೈದು ವರ್ಷ ಇರುತ್ತೇನೆಂದು ಬರೆದುಕೊಡುವ ಫಾರಂ ಟ್ರಂಕಿನಲ್ಲಿತ್ತು. ಸಹಿ ಮಾಡಬಾರದೆಂದೇ ಆ ಸಲ ರಜೆಗೆ ಊರಿಗೆ ಬಂದಿದ್ದ.

"ನಾಯಿ ಒಳಗ ಬರ್ತಾವ್ರಿ, ಬಾಗಲಾ ಮುಚ್ಚಲೇನ?" ಎಂದು ಮಂಜವ್ವ ಕೇಳಿದರೆ, "ಬ್ಯಾಡ, ದಮ್ಮ ಕಟ್ಟತೈತಿ" ಎನ್ನುತ್ತಿದ್ದ.

ಅಪ್ಪನಿಗೊಬ್ಬನಿಗೇ ಹೇಳಲು ಬಾಯಿ ಬಾರದೆ, ಒಂದು ಮುಂಜಾನೆ ಕಟ್ಟೆಯ ಮೇಲೆ ನಾಲ್ಕು ಜನರ ಎದುರಿಗೆ ಹೇಳಿಬಿಟ್ಟ: "ಯಪ್ಪಾ, ನಾ ಇನ್ನ ಹೋಗೂದಿಲ್ಲ."

"ಯಾಕಲೇ, ಮೀನ ಕಚ್ಚಿತೇನ?" ಎಂದ ಗುದ್ಲೆಪ್ಪ ಕಾಕಾ. ಎಲ್ಲರೂ ನಕ್ಕರು.

"ಮೀನ ನಾ ನೋಡೇ ಇಲ್ಲ ಕಾಕಾ. ಒಲಿ ಮುಂದ ಕುಂತು ಬೇಯಾಕತ್ತೇನಿ."

"ಹಂಗಾರ ಹತ್ತ ವರ್ಷ ನಮ್ಮ ಕಿವಿಮ್ಯಾಲ ಹೂವ ಇಟ್ಟಿಯೇನ? ಪರಮೇಶಪ್ಪ, ನೀನೂ ಹಾನಗಲ್ಲ ಸಂತಿ ತುಂಬ ಇದನ್ನ ಸಾರಿಕೊಂತ ತಿರಗಿದ್ಯಲ್ಲೋ!"

ಗಿರಿಯಪ್ಪ ಅಪ್ಪನನ್ನು ನೋಡಿದ. ಪರಮೇಶಪ್ಪ ಮೀಸೆಯಿಂದ ಕೈ ತೆಗೆದಿದ್ದ. ಬಾಯೊಳಗಿನ ಎಲೆ ಮೆಲ್ಲುವುದನ್ನೂ ಬಿಟ್ಟು ನೆಲ ನೋಡುತ್ತಿದ್ದ.

"ಚ್ಯಾಷ್ಟಿ ಮಾಡಿದ್ನಿ ಕಾಕಾ" ಎಂದ ಗಿರಿಯಪ್ಪ. "ನೋಡದ ಏನ? ಬೆಳ್ಳಿಯಂಥಾ ಮೀನ, ನೀರ ಸೀಳಿ ಎದ್ದವು ಅಂದ್ರ... ತಡೀರಿ, ಬಂದೆ."

ಅಪ್ಪನ ಕೈ ಮತ್ತೆ ಮೀಸೆಗೆ ಹೋಯಿತು.

ಒಳಗೆ ಬಂದು ಟ್ರಂಕಿನ ಮುಚ್ಚಳದ ಮೇಲೆ ಫಾರಂ ಇಟ್ಟುಕೊಂಡು ಸಹಿ ಮಾಡಿದ. ಗಾಳಿಗೆ ಬಾಗಿಲು ಮುಚ್ಚಿಕೊಳ್ಳುವಂತಿತ್ತು. ಎಲ್ಲ ಕೇಳಿಸಿಕೊಂಡಿದ್ದ ಮಂಜವ್ವ ಗುಂಡುಕಲ್ಲು ತಂದು ಅಡ್ಡ ಇಟ್ಟಳು.

"ಬಾರಲೇ, ಅರ್ಧಕ್ಕ ಬಿಟ್ಟಿ!" ಎಂದು ಗುದ್ಲೆಪ್ಪ ಹೊರಗಿನಿಂದ ಕೂಗಿದ.

ಗಿರಿಯಪ್ಪ ಎದ್ದು ಹೋಗಿ ಮೀನಿನ ಕಥೆ ಪೂರ್ತಿ ಹೇಳಿದ.