ರೆಕ್ಕೆಗೆ ಅರ್ಧ ದಿನ, ಚಕ್ರಕ್ಕೆ ಇಡೀ ದಿನ

ಬೆಳಕು ಹರಿಯುತ್ತಿದೆ. ಊರಾಚೆಯ ಗೋದಾಮಿನ ಹಿಂದಿನ ಬಯಲಿನಲ್ಲಿ, ತಮ್ಮ ವ್ಯಾನಿನ ಪಕ್ಕದ ಕಂಬಿ ಹಿಡಿದು ಚಾಲಕರೊಬ್ಬರು ನಿಂತಿದ್ದಾರೆ. ಅದನ್ನೊಮ್ಮೆ ಎಳೆದರೆ ಪಂಜರಗಳ ಬಾಗಿಲೆಲ್ಲ ಒಟ್ಟಿಗೇ ತೆರೆದುಕೊಂಡು, ಪಂದ್ಯದ ಪಾರಿವಾಳಗಳು ಮನೆಯತ್ತ ಹಾರುತ್ತವೆ. ಮನೆಯಿರುವುದು ಬೆಟ್ಟಸಾಲಿನ ಆಚೆಯ ಇನ್ನೊಂದು ನಗರದಲ್ಲಿ. ಬಿಸಿಲೇರಿದರೆ ಹಕ್ಕಿಗಳು ಬಸವಳಿಯುತ್ತವೆಂದು ಮಾಲೀಕರ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿದೆ. ಇವರು ಜಪ್ಪಯ್ಯ ಅಂದರೂ ಕಂಬಿ ಎಳೆಯುತ್ತಿಲ್ಲ.

"ಅವರಿಗೇನು, ಅಲ್ಲಿ ಆಕಾಶ ತಿಳಿಯಾಗಿದೆ. ನಡುವೆ ಮಂಜಿದ್ರೆ? ಮಂಜಿಗೆ ಸಿಕ್ಕಿದ ಹಕ್ಕಿ ಕೈ ಬಿಟ್ಟು ಹೋದ ಹಾಗೇ."

ಹೀಗೆ ಗೊಣಗಿಕೊಂಡು, ಘಟ್ಟದ ನೆತ್ತಿಯಲ್ಲಿ ಚಹಾ ಅಂಗಡಿ ಇಟ್ಟಿರುವ ಹೆಂಗಸಿಗೆ ಫೋನು ಹಚ್ಚುತ್ತಾರೆ. "ಅಕ್ಕ, ಎದುರಿನ ಟವರ್ ಕಾಣ್ತಿದ್ಯಾ?"

"ಸೊಂಟದವರೆಗೆ ಕಾಣ್ತಿದೆ. ತಲೆ ಇಲ್ಲ."

"ತಲೆ ಬಂದ ಮೇಲೆ ಹೇಳಿ."

ಮೊದಲು ಇವರು ಲಾರಿಯಲ್ಲಿ ಸಿಮೆಂಟು ಹೊರುತ್ತಿದ್ದವರು. ಈಗ ಇಪ್ಪತ್ತು ವರ್ಷದಿಂದ ಹೊರುತ್ತಿರುವುದು ಉಸಿರಾಡುವ ಸರಕು. ಘಟ್ಟದ ತಿರುವುಗಳ ರಸ್ತೆ ನಾನೂರೈವತ್ತು ಕಿಲೋಮೀಟರು, ಹತ್ತು ಗಂಟೆಯ ಹಾದಿ. ಆಕಾಶದಲ್ಲಿ ನೇರ ಗೆರೆ ಎಳೆದರೆ ಮುನ್ನೂರು. ವಿಮಾನ ಒಂದು ಗಂಟೆಯೊಳಗೆ ಮುಗಿಸುವ ಆ ದೂರಕ್ಕೆ ಪಾರಿವಾಳ ತೆಗೆದುಕೊಳ್ಳುವುದು ನಾಲ್ಕೂವರೆ ಗಂಟೆ. ಮುಚ್ಚಿದ ವ್ಯಾನಿನಲ್ಲಿ ಬಂದ ಹಿಡಿಯಷ್ಟು ಜೀವ, ಕಾಣದ ದಾರಿಯಲ್ಲಿ ಮನೆ ಹುಡುಕಿಕೊಳ್ಳುವುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಗೆದ್ದವರ ಫೋಟೊ ತೆಗೆಯುವ ಹೊತ್ತಿಗೆ ಇವರು ಎಲ್ಲೋ ಟೈರಿಗೆ ಗಾಳಿ ಹಾಕಿಸುತ್ತಿರುತ್ತಾರೆ.

ಇವತ್ತಿನ ಆತಂಕಕ್ಕೆ ಇನ್ನೊಂದು ಕಾರಣವೂ ಇದೆ. ಕೆಳಸಾಲಿನ ಬೂದು ಹಕ್ಕಿ ಮಗಳದ್ದು. ಮರಿಯಿದ್ದಾಗಿನಿಂದ ಕೈತುತ್ತು ಕೊಟ್ಟು ಸಾಕಿದ್ದಾಳೆ. ಅದಕ್ಕಿದು ಮೊದಲ ಪಂದ್ಯ. ಅವಳದ್ದೂ ಫೋನು: "ಅಪ್ಪಾ, ಎಲ್ರೂ ಬೈತಿದಾರೆ. ಬಿಟ್ಬಿಡಪ್ಪ."

"ಬೈಲಿ ಬಿಡು ಮಗಳೇ. ಬೈಗುಳಕ್ಕೆ ರೆಕ್ಕೆ ಮುರಿಯಲ್ಲ."

ಕೊನೆಗೂ ಅಂಗಡಿಯಾಕೆಯ ಫೋನು ಬರುತ್ತದೆ: ಟವರಿನ ತುದಿ ಕಾಣುತ್ತಿದೆ. ಕಂಬಿ ಎಳೆಯುತ್ತಾರೆ. ಬಯಲೇ ಎದ್ದು ಹಾರಿದ ಹಾಗೆ ಸದ್ದು. ಹಕ್ಕಿಗಳ ಹಿಂಡು ಒಂದು ಸುತ್ತು ಹಾಕಿ, ಯಾರೋ ಕರೆದಂತೆ ಬೆಟ್ಟದ ಕಡೆ ತಿರುಗುತ್ತದೆ. ಅದು ಕಣ್ಮರೆಯಾಗುವವರೆಗೂ ಇವರು ಬಾಯಿ ತೆರೆದೇ ನಿಂತಿರುತ್ತಾರೆ. ಎಷ್ಟು ಸಲ ನೋಡಿದರೂ ಹೀಗೇ.

ಅರ್ಧ ದಾರಿಯಲ್ಲಿ, ಅದೇ ಚಹಾ ಅಂಗಡಿಯಲ್ಲಿರುವಾಗ ಹೆಂಡತಿಯ ಫೋನು ಬರುತ್ತದೆ. "ಬಂತು ಕಣ್ರೀ! ಗೆಲ್ಲಲಿಲ್ಲ, ಆದ್ರೆ ಬಂತು. ಇವಳು ಅದನ್ನ ಎದೆಗವಚಿಕೊಂಡು ಕೂತಿದಾಳೆ."

"ಬೇರೆಯವು?"

"ಬರ್ತಾನೇ ಇವೆ."

ಆಮೇಲೆ ತುಸು ನಾಚಿಕೊಂಡೇ ಕೇಳುತ್ತಾರೆ: "ಹೇಗೆ ಇಳೀತು?"

ಹೆಂಡತಿ ಹೇಳಿದ್ದನ್ನೆಲ್ಲ ಕೇಳಿ, ಫೋನಿಟ್ಟು ಅಂಗಡಿಯಾಕೆಗೆ ಹೇಳುತ್ತಾರೆ, "ಇಷ್ಟು ವರ್ಷ ಅವು ಹೋಗೋದನ್ನೇ ನೋಡಿದೀನಿ. ಅಷ್ಟು ದೂರದಿಂದ ಬಂದು ಮನೆ ಮೇಲೆ ಇಳಿಯೋದನ್ನ ಒಂದೇ ಒಂದು ಸಲ ನೋಡ್ಬೇಕು ಅಂತ ಆಸೆ. ನಾನು ಮುಟ್ಟೋದ್ರೊಳಗೆ ಅವು ಉಂಡು ಮಲಗಿರ್ತವೆ."

"ಅದಕ್ಕೇನಣ್ಣ, ಒಂದು ಸಲ ಬೇರೆ ಯಾರನ್ನಾದ್ರೂ ಕಳಿಸಿ ನೀವು ಮನೇಲಿರಿ."

ಇವರು ಚಹಾ ಮುಗಿಸಿ ಲೋಟ ಕೆಳಗಿಡುತ್ತಾರೆ.

"ಅವರು ನಿಮಗೆ ಫೋನ್ ಮಾಡದೇ ಹಕ್ಕಿ ಬಿಟ್ಬಿಟ್ರೆ?"