ತೊಟ್ಟಿಕ್ಕದ ಜಗ್ಗು

ಆ ಮನೆಯ ಊಟದ ಮೇಜಿನ ಮೇಲೆ ಉಂಗುರದಂಥ ಕಲೆಗಳು ಎಷ್ಟಿವೆಯೋ, ಯಾರೂ ಎಣಿಸಿಲ್ಲ. ಒಂದರ ಮೇಲೊಂದು ಕೂತು ಮರದ ಬಣ್ಣವನ್ನೇ ಬದಲಿಸಿಬಿಟ್ಟಿವೆ. ಎಲ್ಲವೂ ಹಾಲಿನ ಜಗ್ಗು ಇಟ್ಟೆತ್ತಿದ ಗುರುತುಗಳು. ಜಗ್ಗು ಮಾಡಿದವನು ಮನೆಯ ಯಜಮಾನ, ಹೆಸರುವಾಸಿ ಕುಂಬಾರ. ಉಂಗುರಗಳನ್ನು ಒರೆಸುತ್ತ ಬಂದವಳು ಅವನ ಹೆಂಡತಿ.

ಬೀದಿಯವರೆಲ್ಲ ಅವಳನ್ನು ಹಿಡಿಕೆ ಅಕ್ಕ ಅನ್ನುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಆ ಮನೆಯಿಂದ ಹೊರಟ ಪ್ರತಿ ಲೋಟದ, ಪ್ರತಿ ಜಗ್ಗಿನ ಹಿಡಿಕೆ ಅವಳದೇ ಕೈಯದು. ಹಸಿ ಮಣ್ಣಿನ ತುಂಡನ್ನು ಮೇಲಿನಿಂದ ತೂಗುಹಾಕಿಕೊಂಡು, ಒದ್ದೆ ಕೈಯಲ್ಲಿ ಹಾಲು ಕರೆದಂತೆ ಎಳೆದೆಳೆದು ಉದ್ದ ಮಾಡಿ, ಬಾಗಿಸಿ ಅಂಟಿಸುತ್ತಾಳೆ. ತುಂಬಿದ ಪಾತ್ರೆ ಎತ್ತುವಾಗ ಭಾರ ಯಾವ ಬೆರಳಿಗೆ ಬೀಳುತ್ತದೆ ಎಂಬುದು ಅವಳಿಗೆ ಗೊತ್ತು. ಗಂಡನಿಗೆ ಗೊತ್ತಿರಲಿಲ್ಲ. ಅವನ ಮುಂದೆ ಪಾತ್ರೆಗಳು ತಾವಾಗಿಯೇ ಬಂದು ಕೂರುತ್ತಿದ್ದವು.

ಬೆಳಿಗ್ಗೆ ಐದೂವರೆಗೆ ಎದ್ದು ಅವಳು ಮಣ್ಣು ನಾದುತ್ತಾಳೆ. ಒಳಗಿನ ಗಾಳಿಯೆಲ್ಲ ಹೋಗುವ ತನಕ ನಾದಿ, ಒಂದೇ ತೂಕದ ಉಂಡೆ ಕಟ್ಟಿ, ಒದ್ದೆ ಬಟ್ಟೆ ಹೊದಿಸುತ್ತಾಳೆ. ಆಮೇಲೆ ತಿಂಡಿ, ಅತ್ತೆಯ ಮಾತ್ರೆ, ಬಟ್ಟೆ, ಪಾತ್ರೆ. ಒಂಬತ್ತಕ್ಕೆ ಯಜಮಾನ ಬಂದು ತಿಗರಿಯ ಮುಂದೆ ಕೂರುತ್ತಿದ್ದ. ಚಕ್ರ ತಿರುಗಿತೆಂದರೆ ಹಾಡು ಬೇರೆ. "ಆಹಾ, ಇವತ್ತು ಮಣ್ಣು ಎಷ್ಟು ಚೆನ್ನಾಗಿ ಮಾತು ಕೇಳ್ತಿದೆ ನೋಡು!" ಅನ್ನುತ್ತಿದ್ದ, ಮಣ್ಣಿಗೆ ಆ ಬುದ್ಧಿ ಹುಟ್ಟಿನಿಂದಲೇ ಬಂದಿದೆ ಎನ್ನುವಂತೆ.

ಅವಳಿಗೆ ತಿಗರಿ ಸಿಗುತ್ತಿದ್ದದ್ದು ಮಧ್ಯಾಹ್ನ ಮೂರರ ಮೇಲೆ. ಅಷ್ಟು ಹೊತ್ತಿಗೆ ಕಿಟಕಿಯ ಬೆಳಕು ಗೋಡೆಯಾಚೆ ಹೋಗಿರುತ್ತಿತ್ತು. ತೋಳು ಬಟ್ಟೆಗೂ ಪಾತ್ರೆಗೂ ಖರ್ಚಾಗಿರುತ್ತಿತ್ತು. ಎರಡು ಬಟ್ಟಲು ಎದ್ದರೆ ಹೆಚ್ಚು. ಅವಳಿಗೆ ಬೇಕಿದ್ದದ್ದು ಒಂದೇ, ಬೆಳಗಿನ ತಿಗರಿ. ಕೇಳಿದಾಗಲೆಲ್ಲ ಗಂಡ ನಗುತ್ತಿದ್ದ. "ನೀನು ಇಲ್ಲಿ ಕೂತ್ರೆ ಒಲೆ ಮುಂದೆ ಯಾರು ನಿಲ್ತಾರೆ?"

ಒಂದು ದಿನ ಮೂಲೆಯ ಕಾಫಿ ಅಂಗಡಿಯಾಕೆ ಕೈಯಲ್ಲೊಂದು ಜಗ್ಗು ಹಿಡಿದು ಬಂದಳು.

"ಯಜಮಾನ್ರೇ, ನಿಮ್ಮ ಜಗ್ಗು ನೋಡೋಕೆ ಮದುಮಗಳ ಹಾಗಿದೆ. ಆದ್ರೆ ಬಗ್ಗಿಸಿದಾಗಲೆಲ್ಲ ಒಂದು ಹನಿ ಹೊಟ್ಟೆ ಮೇಲೆ ಇಳಿದು ಹೋಗುತ್ತೆ. ನನ್ನ ಮೇಜಿಗೆಲ್ಲ ಇರುವೆ. ಸೋರದೇ ಇರೋದು ಮಾಡಿಕೊಟ್ರೆ ಮೂವತ್ತು ತಗೋತೀನಿ."

"ಸೋರದ ಜಗ್ಗು ಈ ಲೋಕದಲ್ಲೇ ಇಲ್ಲ, ತಾಯಿ," ಎಂದ ಅವನು. "ಹಾಲು ಅಂದ್ಮೇಲೆ ಒಂದು ಹನಿ ಇಳಿಯುತ್ತೆ. ಒರೆಸಿದ್ರಾಯ್ತು."

"ಒರೆಸಿದ್ರಾಯ್ತು," ಎಂದು ಅಡುಗೆಮನೆಯಿಂದ ಹಿಡಿಕೆ ಅಕ್ಕನ ದನಿ ಬಂತು. ಹಿಂದೆಯೇ ಅವಳೂ ಬಂದಳು. "ನಾನು ಮಾಡ್ತೀನಿ. ಸೋರದೇ ಇದ್ರೆ ಬೆಳಿಗ್ಗೆ ತಿಗರಿ ನಂದು. ತಿಂಡಿ ನಿಮ್ದು."

"ಸೋರಿದ್ರೆ?"

"ಇನ್ನು ಜನ್ಮದಲ್ಲಿ ಕೇಳಲ್ಲ."

ಆ ಮಾತು ತುಸು ದೊಡ್ಡದಾಯಿತೆಂದು ಅವಳಿಗೇ ಅನ್ನಿಸಿತು. ಆದರೆ ಬಾಯಿಂದ ಹೊರಬಿದ್ದಿತ್ತು. ಅತ್ತೆ ಮೂಲೆಯ ಕುರ್ಚಿಯಿಂದ ಕತ್ತು ಉದ್ದ ಮಾಡಿದರು. "ಎರಡು ಭಟ್ಟಿ ಸುಡೋಕೆ ಅವಕಾಶ ಕೊಡೋಣ. ತೀರ್ಪು ನಂದು. ಐವತ್ತು ವರ್ಷ ಮೇಜು ಒರೆಸಿದೀನಿ, ನನಗಿಂತ ದೊಡ್ಡ ಜಡ್ಜು ಯಾರಿದ್ದಾರೆ?"

ಮೊದಲ ಭಟ್ಟಿಗೆ ಅವಳು ಆರು ಜಗ್ಗು ಎತ್ತಿದಳು. ಮೂತಿಯಲ್ಲೇ ಗುಟ್ಟಿದೆ ಎಂಬುದು ಅವಳಿಗೆ ಮೊದಲೇ ಹೊಳೆದಿತ್ತು. ಗಂಡನ ಜಗ್ಗಿನ ಮೂತಿ ದಪ್ಪ, ದುಂಡು. ಹಾಲು ಅಲ್ಲಿ ಎಲ್ಲಿಗೆ ಹೋಗಲಿ ಎಂದು ಯೋಚಿಸುತ್ತ ನಿಂತು ಕೆಳಗೆ ಜಾರುತ್ತದೆ. ಇವಳು ಎರಡೂ ಬದಿಗೆ ಬೆರಳೊತ್ತಿ, ನಡುವೆ ತೋರುಬೆರಳಿಂದ ತೀಡಿ ತೀಡಿ ತೆಳುವಾಗಿಸಿದಳು. ತುದಿಯ ಕೆಳಗೆ ಉಗುರಿನಿಂದ ಒಂದು ಚೂಪು ಅಂಚು ಕೊಟ್ಟಳು, ಹಾಲನ್ನು ಅಲ್ಲೇ ಕತ್ತರಿಸಬೇಕು ಎಂದು. ಒಣಗಿ, ಒಮ್ಮೆ ಸುಟ್ಟ ಮೇಲೆ ಗ್ಲೇಜಿನ ಸರದಿ. ಭಟ್ಟಿಯೊಳಗೆ ಕರಗಿ ಗಾಜಿನಂತೆ ಹೊಳೆಯುವ ಲೇಪ ಅದು. ಜಗ್ಗನ್ನು ಒಂದು ಸಲ ಇಡಿಯಾಗಿ ಅದ್ದಿ, ಮೂತಿಯನ್ನು ಮಾತ್ರ ಇನ್ನೊಂದು ಸಲ ಅದ್ದುವುದು ಆ ಮನೆಯ ರೂಢಿ. ಹೊಳಪಿಗೆ ಅಂತ ಮಾವನವರು ಕಲಿಸಿದ್ದು. ಅವಳೂ ಹಾಗೇ ಅದ್ದಿದಳು, ಯೋಚಿಸದೆ.

ಭಟ್ಟಿ ತಣಿಯಿತು. ಮೇಜಿನ ಮೇಲೆ ಅತ್ತೆಯ ಬಿಳಿ ದಿಂಬಿನ ಚೀಲ ಹಾಸಿದರು. ಒಂದು ಜಗ್ಗಿಗೆ ಹಾಲು ತುಂಬಿ ಮೊದಲ ಸಲ ಬಗ್ಗಿಸಿದಾಗ ಹನಿ ಇಲ್ಲ. ಎರಡನೇ ಸಲ ಇಲ್ಲ. ಮೂರನೇ ಸಲ ಮೂತಿಯ ಕೆಳಗೆ ಒಂದು ಹನಿ ದುಂಡಗಾಗಿ, ಸ್ವಲ್ಪ ತಡೆದು, ಬಟ್ಟೆಗೆ ಬಿತ್ತು.

"ಬಿತ್ತು!" ಎಂದ ಗಂಡ. ಕುಣಿಯುವುದೊಂದು ಬಾಕಿ. ಅವಳ ಮುಖ ನೋಡಿ ತಾನೇ ತಗ್ಗಿದ. "ಹೋಗ್ಲಿ ಬಿಡೆ. ಆಕಾರ ಮಾತ್ರ ನನ್ನದಕ್ಕಿಂತ ಚೆನ್ನಾಗಿದೆ."

"ಆಕಾರ ಯಾರಿಗೆ ಬೇಕು?" ಎಂದರು ಅತ್ತೆ, ಮಗನ ಕಡೆ ತಿರುಗಿ. "ಇನ್ನೊಂದು ಭಟ್ಟಿ ಇದೆ. ಬಾಯಿ ಮುಚ್ಕೊಂಡು ಲೋಟ ತೊಳಿ ಹೋಗು."

ಅವಳು ಅಳಲಿಲ್ಲ. ಸುತ್ತಿಗೆ ತಂದು ಆ ಜಗ್ಗಿನ ಮೂತಿಗೇ ಒಂದು ಕೊಟ್ಟಳು. ಗಂಡ ಹೌಹಾರಿದ. ಅವಳು ಒಡೆದ ಚೂರನ್ನು ಬೆಳಕಿಗೆ ಹಿಡಿದು ನೋಡಿದಳು. ಒಳಗೆ ತಾನು ತೀಡಿದ ಅಂಚು ಚೂಪಾಗಿಯೇ ಇತ್ತು. ಅದರ ಮೇಲೆ ಗ್ಲೇಜು ಕೆನೆಯಂತೆ ದಪ್ಪಗೆ ಕಟ್ಟಿ, ಎಲ್ಲವನ್ನೂ ಮತ್ತೆ ದುಂಡಗೆ ಮಾಡಿಬಿಟ್ಟಿತ್ತು. ಮಾವನವರ ಹೊಳಪು!

"ಅತ್ತೆ, ನೋಡಿ ಇಲ್ಲಿ. ನಾವು ಇಷ್ಟು ವರ್ಷ ಒರೆಸಿದ್ದು ಈ ಎರಡನೇ ಅದ್ದನ್ನ."

ಅತ್ತೆ ಕನ್ನಡಕ ಏರಿಸಿ ನೋಡಿದರು. ಹೋದ ಗಂಡನನ್ನು ನೆನೆದು ನಿಟ್ಟುಸಿರು ಬಿಡುತ್ತಾರೆಂದುಕೊಂಡರೆ, ಹೊಟ್ಟೆ ಹಿಡಿದು ನಕ್ಕರು. "ಅವರಿಗೆ ಹೇಳಿದ್ದೆ, ಸೋರುತ್ತೆ ರೀ ಅಂತ. 'ನಿನ್ನ ಕೈ ನಡುಗುತ್ತೆ' ಅಂದಿದ್ರು!"

ಎರಡನೇ ಭಟ್ಟಿಗೂ ಆರು ಜಗ್ಗು. ಈ ಸಲ ಒಂದೇ ಅದ್ದು. ಅದ್ದಿದ ಕೂಡಲೇ ಒದ್ದೆ ಸ್ಪಂಜು ಹಿಡಿದು ಮೂತಿಯ ತುದಿಯ ಗ್ಲೇಜನ್ನು ಒರೆಸಿ ತೆಗೆದಳು. ಹಾಲು ಕಾಯಿಸಿದ ಪಾತ್ರೆಯ ಕಂಠ ಒರೆಸುವ ಅದೇ ಕೈ, ಅದೇ ತಿರುವು. ಗಂಡ ಬಾಗಿಲಲ್ಲಿ ನಿಂತು ಸಂಕಟಪಟ್ಟ. "ಮೂತಿ ಬೋಳಾಗಿ ಕಾಣುತ್ತಲ್ಲೇ. ಮುಖ ತೊಳೀದೆ ಬಂದ ಹಾಗೆ."

"ಕಾಣ್ಲಿ. ಮೇಜು ತೊಳೆಯೋದು ತಪ್ಪುತ್ತೆ."

ಎರಡನೇ ಪರೀಕ್ಷೆಗೆ ಅಂಗಡಿಯಾಕೆಯೂ ಬಂದಳು. ದಿಂಬಿನ ಚೀಲವನ್ನು ಅತ್ತೆ ಒಗೆದು, ಇಸ್ತ್ರಿ ಮಾಡಿಟ್ಟಿದ್ದರು. ಹತ್ತು ಸಲ ಬಗ್ಗಿಸಬೇಕೆಂದು ನಿಯಮ. ಜಗ್ಗು ಹಿಡಿಕೆ ಅಕ್ಕನ ಕೈಯಲ್ಲಿ ಒಂಬತ್ತು ಸಲ ಬಗ್ಗಿ ಎದ್ದಿತು. ಬಟ್ಟೆ ಬಿಳಿಯಾಗೇ ಇತ್ತು.

"ಹತ್ತನೇದು ನಾನು," ಎಂದ ಗಂಡ.

ಅವನಿಗೂ ಗೊತ್ತು, ರಭಸವಾಗಿ ಸುರಿದರೆ ಎಂಥ ಜಗ್ಗೂ ಗೆಲ್ಲುತ್ತದೆ. ಮೆಲ್ಲಗೆ ಬಗ್ಗಿಸಿದಾಗಲೇ ಹನಿ ಜಾರುವುದು. ಅವನು ಮೆಲ್ಲಗೆ, ಮಗುವಿಗೆ ಔಷಧಿ ಕುಡಿಸುವವನಂತೆ ಬಗ್ಗಿಸಿದ. ದಾರದಷ್ಟು ಸಣ್ಣ ಹಾಲಿನ ಎಳೆ. ನಿಲ್ಲಿಸಿದ. ಮೂತಿಯ ತುದಿಯಲ್ಲಿ ಒಂದು ಹನಿ ಉಬ್ಬಿತು. ನಾಲ್ವರೂ ಅದರತ್ತ ಬಾಗಿದರು. ಹನಿ ಅತ್ತಿತ್ತ ನೋಡಿದಂತೆ ಮಾಡಿ, ಜಗ್ಗು ನೆಟ್ಟಗಾದಂತೆ ಹಿಂದಕ್ಕೆ ಸರಿದು ಒಳಗೆ ಹೋಯಿತು.

ಅಂಗಡಿಯಾಕೆ ಚಪ್ಪಾಳೆ ತಟ್ಟಿದಳು. ಅತ್ತೆ ದಿಂಬಿನ ಚೀಲವನ್ನು ಎತ್ತಿ ಮಗನ ಹೆಗಲಿಗೆ ಹಾಕಿದರು. "ತಗೋ ಯಜಮಾನ. ನಾಳೆಯಿಂದ ನಿಂಗೆ ಅಡುಗೆಮನೇಲಿ ಬಟ್ಟೆ ಬೇಕಾಗುತ್ತೆ." ಅವನು ಜಗ್ಗನ್ನು ತಿರುವಿ ತಿರುವಿ ನೋಡುತ್ತಲೇ ಇದ್ದ. ಕೊನೆಗೆ ಬೋಳು ಮೂತಿಯ ಮೇಲೆ ಬೆರಳಾಡಿಸಿ, "ಇದನ್ನ ನಂಗೂ ಕಲಿಸ್ತೀಯಾ?" ಎಂದ. ಹಿಡಿಕೆ ಅಕ್ಕ ಗೆದ್ದದ್ದಕ್ಕಿಂತ ಆ ಮಾತಿಗೇ ಹೆಚ್ಚು ನಕ್ಕಳು.

"ಮಧ್ಯಾಹ್ನ ಮೂರರ ಮೇಲೆ ಬನ್ನಿ," ಎಂದಳು.

ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕು ತಿಗರಿಯ ಮೇಲೆ ಬಿದ್ದಾಗ ಅವಳು ಅದರ ಮುಂದೆ ಕೂತಿದ್ದಳು. ಇಷ್ಟು ವರ್ಷ ಅದೇ ಕೋಣೆ ಗುಡಿಸಿದ್ದರೂ, ಆ ಬೆಳಕಿನಲ್ಲಿ ಹಸಿ ಮಣ್ಣು ಅಷ್ಟು ಹೊಳೆಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಮಣ್ಣು ನಿಜಕ್ಕೂ ಮಾತು ಕೇಳುತ್ತಿತ್ತು.

ಅಡುಗೆಮನೆಯಲ್ಲಿ ಏನೋ ಧಡ್ ಎಂದಿತು.

"ಲೇ, ಉಪ್ಪೆಲ್ಲಿದೆ?"

"ನೀವೇ ಮಾಡಿದ ಜಾಡೀಲಿ."

"ಜಾಡಿ ಎಲ್ಲಿದೆ?"

"ನಿಮ್ಮ ಕಣ್ಣೆದುರಿಗೆ."

ಸ್ವಲ್ಪ ಹೊತ್ತಿಗೆ ಹಾಲು ಉಕ್ಕಿದ ವಾಸನೆ ಬಂತು. ಅವಳ ಕಾಲು ತಾನಾಗಿಯೇ ಏಳಲು ಹೊರಟಿತು. "ಕೂತ್ಕೋ," ಎಂದರು ಕುರ್ಚಿಯಲ್ಲಿದ್ದ ಅತ್ತೆ, ತಲೆ ಎತ್ತದೆ. "ಹಾಲು ತಾನೇ. ಉಕ್ಕಿದ್ರೆ ಕಲೀತಾನೆ." ಅವಳು ಕೂತಳು.

ಒಂಬತ್ತಕ್ಕೆ ಅವನು ಹಣೆಯಲ್ಲಿ ಬೆವರು ಹೊತ್ತು, ಎರಡು ಲೋಟ ಕಾಫಿ, ತನ್ನದೇ ಹಳೆಯ ಜಗ್ಗಿನಲ್ಲಿ ಹಾಲು ತಂದು ತಿಗರಿಯ ಪಕ್ಕದ ಹಲಗೆಯ ಮೇಲಿಟ್ಟ. ಬಗ್ಗಿಸಿದ. ಹನಿ ಹೊಟ್ಟೆಯ ಮೇಲೆ ಇಳಿದು, ಜಗ್ಗು ಮತ್ತೆ ಇಟ್ಟಲ್ಲಿ ಹೊಸ ಉಂಗುರ ಮೂಡಿತು. ಅವನು ಅದನ್ನು ಮೊದಲ ಸಲ ಕಂಡವನಂತೆ ನೋಡಿದ.

"ಒರೆಸೋ ಬಟ್ಟೆ ಎಲ್ಲಿ?"

"ಇಪ್ಪತ್ತೆರಡು ವರ್ಷದಿಂದ ಅದೇ ಮೊಳೇಲಿ ನೇತಾಡ್ತಿದೆ."

ಹುಡುಕಿ ತಂದು ಒರೆಸಿದ. ಬಟ್ಟೆಯನ್ನು ಮತ್ತೆ ಮೊಳೆಗೆ ಹಾಕಿದ. ಆಮೇಲೆ, "ಅಲ್ಲ, ನಿನ್ನ ಜಗ್ಗು ಒಂದು ಅಡುಗೆಮನೆಗೆ ಕೊಡ್ತೀಯಾ?" ಎಂದ.

ತಿಗರಿಯ ಮೇಲೆ ಏಳುತ್ತಿದ್ದ ಜಗ್ಗಿನಿಂದ ಅವಳು ಕಣ್ಣು ತೆಗೆಯಲಿಲ್ಲ.

"ಅಂಗಡಿಯಾಕೆಗೆ ಮೂವತ್ತು ಆಗ್ಲಿ. ಆಮೇಲೆ ನಿಮ್ಮ ಸರದಿ."