ಎಡಗಡೆಯ ಬಾಗಿಲು

ಕಾರಿನ ಗಾಜನ್ನು ಯಾರೋ ಟಕಟಕ ಬಡಿದರು. ಕಣ್ಣು ಬಿಟ್ಟರೆ ಪಕ್ಕದ ಮನೆಯ ಮುನಿಯಪ್ಪನವರು.

"ಏನ್ ಸಾರ್, ಮನೇಲಿ ಜಗಳಾನಾ?"

"ಇಲ್ಲ ಕಣ್ರೀ, ಪ್ರಾರ್ಥನೆ. ದಿನಾ ಸ್ವಲ್ಪ ಹೊತ್ತು ಬಾಗಿಲು ಹಾಕ್ಕೊಂಡು ಏಕಾಂತದಲ್ಲಿ ಕೂತ್ಕೊಳ್ಳಿ ಅಂದಿದ್ದಾರೆ ನಮ್ಮ ಫಾದರ್."

ತಣಿಸಂದ್ರದ ನಮ್ಮ ಸಂಸಾರದಲ್ಲಿ ಟೀವಿಯ ಸದ್ದು ನುಗ್ಗದ ಬಾಗಿಲು ಕಾರಿನದೊಂದೇ ಎಂದು ಗಂಭೀರವಾಗಿ ವಿವರಿಸಿದೆ. ಅವರು ಸುತ್ತಿ ಬಂದು ಎಡಗಡೆಯ ಬಾಗಿಲು ತಟ್ಟಿದರು. ಲಾಕ್ ತೆಗೆದೆ. ಪಕ್ಕದಲ್ಲಿ ಕುಳಿತು, ಅಭ್ಯಾಸಬಲದಿಂದ ಬೆಲ್ಟನ್ನೂ ಹಾಕಿಕೊಂಡರು.

"ನಮ್ಮೋಳು ತೀರ್ಕೊಂಡ್ಮೇಲೆ ನಮ್ಮನೇಲಿ ಬರೀ ಏಕಾಂತಾನೇ ಸಾರ್. ನೀವು ಮಾಡ್ಕೊಳ್ಳಿ, ನಾನು ಮಾತಾಡಲ್ಲ."

ನಿಜಕ್ಕೂ ಮಾತಾಡಲಿಲ್ಲ.

ಅಂದು ನನ್ನ ಏಕಾಂತ ಕೆಟ್ಟಿತೋ, ಕೈಗೂಡಿತೋ ತಿಳಿಯದು. ಈಗ ಎಡಗಡೆಯ ಬಾಗಿಲಿಗೆ ಲಾಕ್ ಹಾಕುತ್ತಿಲ್ಲ. ಅದು ದೇವರಿಗೋ ಮುನಿಯಪ್ಪನವರಿಗೋ ಎಂದು ಫಾದರ್ ಕೇಳಿದರೆ ಏನು ಹೇಳಲಿ?